ಹದಿನೈದೋ ಐವತ್ತೋ: ಗಡಿ ಕ್ಲಿನಿಕ್‌ನಲ್ಲಿ ಮಾತಾಡುವ ಇಂಗ್ಲಿಷ್

ಥಾಯ್ಲೆಂಡಿನ ಮೇ ಸೊಟ್ ಗಡಿಯೂರು. ಮೋಯಿ ನದಿ ದಾಟಿದರೆ ಬರ್ಮಾ. ಡಾ. ಸಿಂಥಿಯಾ ಮಾಂಗ್ 1989ರಲ್ಲಿ ನಿರಾಶ್ರಿತರಿಗಾಗಿ ಕ್ಲಿನಿಕ್ ಶುರುಮಾಡಿದ್ದು ಇಲ್ಲೇ. ಈ ಭಾಗದ ಕ್ಲಿನಿಕ್‌ಗಳ ಬರ್ಮೀಸ್ ಮತ್ತು ಕರೆನ್ (ಗಡಿಭಾಗದ ಒಂದು ಜನಾಂಗ) ಸ್ವಯಂಸೇವಕರಿಗೆ ರೋಗಿಯ ಜೊತೆ ಮಾತಾಡಲು ಇಂಗ್ಲಿಷ್ ಬೇಕಿಲ್ಲ; ಹೊರದೇಶದಿಂದ ಬಂದ ವೈದ್ಯರಿಗೆ ರೋಗಿಯ ಸ್ಥಿತಿ ಹೇಳಲು ಬೇಕು. ಹಾಗಾಗಿ ಇವರಿಗೆ ಇಂಗ್ಲಿಷ್ ಕಲಿಸುವಾಗ ನಾನು ವ್ಯಾಕರಣ ಬದಿಗಿಟ್ಟು ಅಂಕಿಗಳಿಂದ ಶುರುಮಾಡಿದೆ.

ಬರ್ಮೀಸ್, ಕರೆನ್ ಮಾತಿನಲ್ಲಿ ಪದದ ಕೊನೆಯ ವ್ಯಂಜನ ಗಂಟಲಲ್ಲೇ ಉಳಿಯುತ್ತದೆ. ‘ಫಿಫ್ಟೀನ್’, ‘ಫಿಫ್ಟಿ’ ಎರಡೂ ಒಂದೇ ಥರ ಕೇಳಿದರೆ 15 ಮಿಲಿಗ್ರಾಂ 50 ಆಗುತ್ತದೆ. ಅದಕ್ಕೆ ‘ಫಿಫ್ಟೀನ್, ಒನ್ ಫೈವ್’ ಎಂದು ಬಿಡಿಬಿಡಿಯಾಗಿಯೂ ಹೇಳಿಸುತ್ತೇನೆ. 0.5ಕ್ಕೆ ‘ಝೀರೋ’ ಬಿಡುವಂತಿಲ್ಲ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು, ಒಬ್ಬರು ಮಾತ್ರೆ ಪಟ್ಟಿ ನೋಡಿ ಓದಬೇಕು, ಇನ್ನೊಬ್ಬರು ಬರೆಯಬೇಕು. ಹತ್ತರಲ್ಲಿ ಒಂದು ತಪ್ಪಿದರೂ ಮತ್ತೆ ಹತ್ತು.

‘ಬ್ಯಾಕ್’, ‘ಬ್ಯಾಡ್’, ‘ಬ್ಯಾಗ್’ ಮೂರೂ ‘ಬ್ಯಾ’ ಆಗುವುದೂ ಇದೇ ಕಾರಣಕ್ಕೆ. ನಮ್ಮದು ತಿರುಗಾಮುರುಗಾ: ಅವರು ಕೊನೆ ನುಂಗುತ್ತಾರೆ, ನಾವು ‘ಬ್ಯಾಗು’, ‘ಬೆಡ್ಡು’ ಎಂದು ಉಕಾರ ಅಂಟಿಸುತ್ತೇವೆ. ಮೇಷ್ಟರು ಎಚ್ಚರ ತಪ್ಪಿದರೆ ಕ್ಲಾಸೆಲ್ಲ ‘ಲೆಗ್ಗು’! ‘ಬ್ಯಾಕ್ ಈಸ್ ಸೋರ್’ (ಬೆನ್ನು ನೋವು) ಅನ್ನು ಮುಂದಿನ ಸ್ವರಕ್ಕೆ ಜೋಡಿಸಿ ‘ಬ್ಯಾ-ಕಿಸ್ ಸೋರ್’ ಎಂದು ಹೇಳಿಸಿದರೆ ವ್ಯಂಜನ ತಾನಾಗಿ ಹೊರಬರುತ್ತದೆ. ‘ಫೀವರ್’ ಬದಲು ‘ಪೀಬರ್’ ಅಂದರೆ ಬಿಟ್ಟುಬಿಡಿ, ಯಾವ ವೈದ್ಯರಿಗೂ ಅರ್ಥವಾಗುತ್ತದೆ.

ದೊಡ್ಡ ಅಪಾಯ ‘ಯೆಸ್’ನದು. ‘ನೋ ಅಲರ್ಜಿ?’ ಅಂದರೆ ‘ಯೆಸ್’ ಅನ್ನುತ್ತಾರೆ, ‘ಹೂಂ, ಇಲ್ಲ’ ಎಂಬ ಅರ್ಥದಲ್ಲಿ. ನಾವೂ ಹಾಗೇ ಅಲ್ಲವೇ? ಇಂಗ್ಲಿಷ್ ಕಿವಿಗೆ ಅದು ಅಲರ್ಜಿ ಇದೆ ಎಂದಾದೀತು. ಬರೀ ಯೆಸ್, ನೋ ಬೇಡ. ‘ನೋ ಅಲರ್ಜಿ’ ಎಂದು ಪೂರ್ತಿ ಹೇಳಲಿ. ಇಲ್ಲ-ಪ್ರಶ್ನೆ ಕೇಳಬೇಡಿ ಎಂದು ವೈದ್ಯರಿಗೂ ಐದು ನಿಮಿಷ ಪಾಠ ಮಾಡಬೇಕು.

ಔಷಧಿಯ ಹೆಸರು, ‘ವಾಮಿಟಿಂಗ್’, ‘ಅನ್‌ಕಾನ್ಷಿಯಸ್’ ಇವರಿಗೆ ಗೊತ್ತು. ತೊಡಕು ವೈದ್ಯರ ಆಡುಮಾತಿನದು: ‘ಥ್ರೋಯಿಂಗ್ ಅಪ್’ ಅಂದರೆ ವಾಂತಿ, ‘ಪಾಸಿಂಗ್ ವಾಟರ್’ ಅಂದರೆ ಮೂತ್ರ ಮಾಡುವುದು. ‘ಪಾಸ್ಡ್ ಔಟ್’ ಅಂದರೆ ಮೂರ್ಛೆ, ‘ಪಾಸ್ಡ್ ಅವೇ’ ಅಂದರೆ ಸಾವು. ಇವನ್ನು ಕೇಳಿ ಗುರುತಿಸಿದರೆ ಸಾಕು, ಆಡಬೇಕಿಲ್ಲ.

ಕ್ಲಾಸಿಗೆ ಹನ್ನೆರಡು ಜನ, ನಲವತ್ತು ನಿಮಿಷ, ರಾತ್ರಿ ಪಾಳಿ ಮುಗಿಸಿದವರಿಗೆ ಬೇಡವೇ ಬೇಡ. ಪಾಳಿ ಬದಲಾಗುತ್ತಲೇ ಇರುವುದರಿಂದ ನಿನ್ನೆಯ ಪಾಠದ ಮೇಲೆ ಇವತ್ತಿನದನ್ನು ಕಟ್ಟಿದರೆ ಅರ್ಧ ಜನಕ್ಕೆ ತಲೆಬುಡ ತಿಳಿಯದು. ಪ್ರತಿ ಪಾಠ ಅವತ್ತಿಗೇ ಮುಗಿಯಬೇಕು.

ಕೊನೆಗೆ ರೋಗಿಯನ್ನು ವೈದ್ಯರಿಗೆ ಒಪ್ಪಿಸುವ ನಾಲ್ಕು ಮಾತು: ಯಾರು, ಏನು ಮತ್ತು ಯಾವಾಗಿಂದ, ನಾನೇನು ಮಾಡಿದೆ, ನಿಮ್ಮಿಂದ ಏನು ಬೇಕು. ಮೂರು ಸಲೀಸು. ನಾಲ್ಕನೆಯದು, ‘ಪ್ಲೀಸ್ ಕಮ್ ನೌ’, ಬಾಯಿಂದ ಹೊರಡದು. ಬರ್ಮೀಸಿನಲ್ಲಿ ಇದಕ್ಕೆ ‘ಆನಾ’ ಎನ್ನುತ್ತಾರೆ, ನಮ್ಮ ದಾಕ್ಷಿಣ್ಯವೇ. ‘ಅರ್ಥವಾಯಿತೇ?’ ಎಂದು ಕೇಳಿದರೆ ಇದೇ ದಾಕ್ಷಿಣ್ಯ ತಲೆಯಾಡಿಸುತ್ತದೆ. ಅದನ್ನು ಕೇಳುವುದೇ ಬಿಟ್ಟೆ. ಡೋಸ್ ತಿರುಗಿ ಹೇಳಿ ಅನ್ನುತ್ತೇನೆ. ‘ಫಿಫ್ಟೀನ್’ ಬಂದ ಮೇಲೆ ‘ಒನ್ ಫೈವ್’ ಬರುವ ತನಕ ಕಾಯುತ್ತೇನೆ.