ಆಟಕ್ಕೊಂದು ಫೋನ್, ಬಸ್ಸಿಗೊಂದು ಫೋನ್

ಎರಡು ದುಬಾರಿ ಫೋನ್ ಇಟ್ಟುಕೊಂಡಿದ್ದಾನೆ ಅಂದರೆ ಭಾರೀ ಶ್ರೀಮಂತ ಅಂದ್ಕೋಬೇಡಿ. ಗ್ಯಾಲಕ್ಸಿ ಎಸ್24 ಅಲ್ಟ್ರಾ ನಾನು ಕಂತಿನಲ್ಲಿ ಕೊಂಡದ್ದು. ಐಫೋನ್ 15 ಪ್ರೊ ಬಾವ ದುಬೈಯಿಂದ ಬರುವಾಗ ತಂದು ಕೊಟ್ಟದ್ದು. ಒಂದನ್ನು ಮಾರಿ ಸಾಲ ಸ್ವಲ್ಪ ತೀರಿಸುವುದು ಅಂತ ನನ್ನ ಲೆಕ್ಕ. ಯಾವುದನ್ನು ಮಾರುವುದು ಅಂತ ಗೊತ್ತಾಗಲು ಒಂದು ವರ್ಷವೇ ಹಿಡಿಯಿತು.

ಅಂಕಿ ನೋಡಿದರೆ ಅಲ್ಟ್ರಾ ಎಲ್ಲದರಲ್ಲೂ ಮುಂದೆ. ಮುಖ್ಯ ಕ್ಯಾಮೆರಾ ಐಫೋನಿನ 48 ಮೆಗಾಪಿಕ್ಸೆಲ್ ಎದುರು 200. ಝೂಮ್ ಮೂರು ಪಟ್ಟಿನ ಎದುರು ಐದು. ಬ್ಯಾಟರಿ 3274 ಎಂಎಎಚ್ ಎದುರು 5000. ತೂಕದಲ್ಲೂ ಅದೇ ಮುಂದೆ: 187 ಗ್ರಾಂ ಎದುರು 232! ಅಂಗಿ ಜೇಬಿನಲ್ಲಿ ಹಾಕಿಕೊಂಡು ಚಪ್ಪಲಿ ಹಾಕಲು ಬಗ್ಗಿದರೆ ಆ 45 ಗ್ರಾಂ ಏನು ಅಂತ ತಿಳಿಯುತ್ತದೆ. ಹೆಂಡತಿ ಮೊದಲ ದಿನವೇ ಕೈಯಲ್ಲಿ ಹಿಡಿದು, "ಇದೆಂತ ಮಾರಾಯ್ರೆ, ಕೆಂಪುಕಲ್ಲಾ?" ಅಂದಿದ್ದಳು.

ನನಗೆ ಫೋನಿನ ಕ್ಯಾಮೆರಾ ಬೇಕಾದದ್ದು ಯಕ್ಷಗಾನಕ್ಕೆ. ಊರಿನ ಗದ್ದೆಯಲ್ಲಿ ಬಯಲಾಟ ಇತ್ತು. ಎರಡೂ ಫೋನ್ ಹಿಡಿದುಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಐದು ಪಟ್ಟು ಝೂಮ್ ಉಂಟಲ್ವಾ, ಹತ್ತಿರ ಯಾಕೆ ಹೋಗಬೇಕು ಅಂತ ಧೈರ್ಯ. ಪುಂಡುವೇಷ, ಅಂದರೆ ಯುವ ವೀರನ ಪಾತ್ರ, ಹಾರಿ ಹಾರಿ ಸುತ್ತುವ ಧಿಗಿಣ ಹಾಕಲು ಶುರು ಮಾಡಿತು, ನಾನು ಒತ್ತುತ್ತಾ ಹೋದೆ. ಬೆಳಿಗ್ಗೆ ನೋಡಿದರೆ ಕೈ ಎಲ್ಲಿ, ಮುಖ ಎಲ್ಲಿ ಗೊತ್ತಾಗುವುದಿಲ್ಲ. ಎರಡರಲ್ಲೂ ಬರೇ ಕೆಂಪು-ಹಳದಿ ಗೆರೆ.

ತಪ್ಪು ನನ್ನದೇ. ಝೂಮ್ ಲೆನ್ಸ್‌ಗೆ ಒಳಗೆ ಬರುವ ಬೆಳಕು ಕಡಿಮೆ. ಅಲ್ಟ್ರಾದ ಐದು ಪಟ್ಟಿನ ಲೆನ್ಸ್ ಎಫ್/3.4, ಮುಖ್ಯ ಲೆನ್ಸ್ ಎಫ್/1.7; ಈ ಅಂಕಿ ದೊಡ್ಡದಾದಷ್ಟು ಬೆಳಕು ಕಡಿಮೆ. ಬೆಳಕು ಸಾಲದಾಗ ಫೋನ್ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ, ಅಷ್ಟರಲ್ಲಿ ವೇಷ ಅರ್ಧ ಸುತ್ತು ತಿರುಗಿರುತ್ತದೆ. ಇನ್ನೊಂದು ವಿಷಯ: ಕತ್ತಲಲ್ಲಿ ನೀವು 3x ಒತ್ತಿದರೂ ಐಫೋನ್ ಎಷ್ಟೋ ಸಲ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಕೊಡುತ್ತದೆ. ಝೂಮ್ ಲೆನ್ಸ್ ಮೇಲೆ ಬೆರಳಿಟ್ಟು ನೋಡಿ. ಚಿತ್ರ ಕಪ್ಪಾಗದಿದ್ದರೆ ಅದೇ ಕಥೆ.

ಮುಂದಿನ ಆಟಕ್ಕೆ ಬೇಗ ಹೋಗಿ ರಂಗಸ್ಥಳದ ಬದಿಯಲ್ಲೇ ಜಾಗ ಹಿಡಿದೆ. ಅಲ್ಟ್ರಾದಲ್ಲಿ ಎಲ್ಲ ನಾವೇ ಹೊಂದಿಸುವ ಪ್ರೊ ಮೋಡ್, ಮುಖ್ಯ ಲೆನ್ಸ್, ಶಟರ್ 1/250 ಸೆಕೆಂಡ್. ಚಿತ್ರ ಸ್ವಲ್ಪ ಕಾಳುಕಾಳಾಗಿ ಬಂತು, ಆದರೆ ಕಾಲು ನೆಲ ಬಿಟ್ಟು ಗೆಜ್ಜೆ ಗಾಳಿಯಲ್ಲಿದ್ದದ್ದು ಸ್ಪಷ್ಟ. ಐಫೋನಿನ ಜೊತೆ ಬರುವ ಕ್ಯಾಮೆರಾದಲ್ಲಿ ಶಟರ್ ನಮ್ಮ ಕೈಯಲ್ಲಿಲ್ಲ, ಬೇರೆ ಆ್ಯಪ್ ಹಾಕಿಕೊಳ್ಳಬೇಕು. ವಿಡಿಯೋ ಮಾತ್ರ ನನಗೆ ಐಫೋನಿನದ್ದೇ ಇಷ್ಟ. ಭಾಗವತರ ಪದ, ಚೆಂಡೆ ಎರಡೂ ಕೇಳಲು ಹಿತ.

ಆಮೇಲೆ ಮಳೆಗಾಲ. ಎರಡೂ ಐಪಿ68, ಅಂದರೆ ನೀರು-ಧೂಳು ತಡೆಯುವ ದರ್ಜೆಯವು. ಆದರೆ ಆ ಪರೀಕ್ಷೆ ಸಿಹಿನೀರಿನಲ್ಲಿ ಮಾಡಿದ್ದು, ಪಣಂಬೂರು ಕಡಲಿನ ಉಪ್ಪುನೀರಿನಲ್ಲಿ ಅಲ್ಲ. ನೀರು ಹೋಗಿ ಹಾಳಾದರೆ ವಾರಂಟಿಯೂ ಇಲ್ಲ. ಜುಲೈಯ ಒಂದು ಸಂಜೆ ಸ್ಕೂಟರಿನಲ್ಲಿ ನೆನೆದು ಬಂದು ಚಾರ್ಜಿಗೆ ಹಾಕಿದರೆ ಪೋರ್ಟಿನಲ್ಲಿ ತೇವ ಉಂಟು ಅಂತ ಎರಡೂ ಎಚ್ಚರಿಸಿದವು. ಅಮ್ಮ ಸುಮ್ನೆ ಇರಲಿಲ್ಲ, ಅಲ್ಟ್ರಾವನ್ನು ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಬೆಳಿಗ್ಗೆ ಪೋರ್ಟಿನೊಳಗೆ ತೌಡು! ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲ ಮೆಲ್ಲ ತೆಗೆದೆ. ನೀವು ಫೋನನ್ನು ಅಕ್ಕಿಯಲ್ಲಿ ಇಡಬೇಡಿ. ಪೋರ್ಟ್ ಕೆಳಮುಖವಾಗಿ ಹಿಡಿದು ಅಂಗೈಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಅರ್ಜೆಂಟ್ ಇದ್ದರೆ ಹಿಂಬದಿ ಒರೆಸಿ ವೈರ್‌ಲೆಸ್ ಚಾರ್ಜರ್ ಮೇಲೆ ಇಟ್ಟರಾಯಿತು.

ಬೆಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುತ್ತದೆ. ಅಲ್ಲಿ 5000 ಎಂಎಎಚ್‌ನ ಬೆಲೆ ಗೊತ್ತಾಗುವುದು. ಬಿಸಿಲಿನಲ್ಲೂ ಅಲ್ಟ್ರಾದ ಗಾಜು ಕಣ್ಣಿಗೆ ಹೊಡೆಯುವುದಿಲ್ಲ.

ಅಂತೂ ಐಫೋನ್ ಮಾರುವುದು ಅಂತಾಯಿತು. ಕಪಾಟಿನಲ್ಲಿ ಹುಡುಕಿದರೆ ಇಲ್ಲ. ಹೆಂಡತಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಅದರಲ್ಲೇ ಮಾತಾಡುತ್ತಾ ನಿಂತಿದ್ದಳಂತೆ. ಸಿಮ್ ಹಾಕಿ ಹದಿನೈದು ದಿನ ಆಗಿತ್ತು.