ಚಿನ್ನದ ಝಕಾತ್: ಘಟ್ಟದ ಮೇಲೆ ಒಂದು ಲೆಕ್ಕ, ಘಟ್ಟದ ಕೆಳಗೆ ಇನ್ನೊಂದು

ರಂಜಾನ್ ಹತ್ತಿರವಾದಂತೆ ಹೆಂಗಸರ ನಡುವೆ ಏಳುವ ಪ್ರಶ್ನೆ ಇದು: ಮೈಮೇಲಿನ ಬಂಗಾರಕ್ಕೂ ಝಕಾತ್ (ಉಳ್ಳವರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ) ಕೊಡಬೇಕಾ? ಶಿರಸಿಯ ನಮ್ಮ ಮನೆಯಲ್ಲಿ ಕೊಡಬೇಕು ಎನ್ನುತ್ತಾರೆ. ಭಟ್ಕಳದ ನನ್ನ ಗೆಳತಿಯ ಮನೆಯಲ್ಲಿ ಬೇಡ ಎನ್ನುತ್ತಾರೆ. ಎರಡೂ ಸರಿ. ನಾವು ಹನಫಿಗಳು, ಅವಳು ಕರಾವಳಿಯ ಮುಸ್ಲಿಂ ಸಮುದಾಯವಾದ ನವಾಯತರ ಮನೆಯವಳು, ಶಾಫಿ. ಇವೆರಡೂ ಮಜ್‌ಹಬ್‌ಗಳು, ಅಂದರೆ ಇಸ್ಲಾಮೀ ಧರ್ಮಶಾಸ್ತ್ರದ ಪಂಥಗಳು. ಆದ್ದರಿಂದ ತಕ್ಕಡಿ ಹುಡುಕುವ ಮೊದಲು ನಿಮ್ಮ ಮನೆಯ ಮಜ್‌ಹಬ್ ಯಾವುದೆಂದು ಖಚಿತ ಮಾಡಿಕೊಳ್ಳಿ. ಮೊಬೈಲಿನಲ್ಲಿ ಸಿಗುವ ಎಷ್ಟೋ ಲೆಕ್ಕಪಟ್ಟಿಗಳು ಈ ಪ್ರಶ್ನೆ ಕೇಳದೆಯೇ ಉತ್ತರ ಕೊಟ್ಟುಬಿಡುತ್ತವೆ.

ಮುಂದಿನ ಕೆಲಸ, ಬಂಗಾರವನ್ನು ಒಡೆಯರ ಪ್ರಕಾರ ಬೇರೆ ಮಾಡುವುದು. ಝಕಾತ್ ಮನೆಗೆ ಬರುವುದಲ್ಲ, ವ್ಯಕ್ತಿಗೆ ಬರುವುದು. ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಧನ) ಆಗಿ ಬಂದದ್ದು, ತವರಿನವರು ಕೊಟ್ಟದ್ದು ಹೆಂಡತಿಯದೇ. ಅತ್ತೆಯದನ್ನೂ ಸೊಸೆಯದನ್ನೂ ಒಂದೇ ಡಬ್ಬಿಯಲ್ಲಿಟ್ಟ ಮಾತ್ರಕ್ಕೆ ಲೆಕ್ಕ ಒಂದಾಗುವುದಿಲ್ಲ. ಗಂಡ ತನ್ನ ದುಡ್ಡಿನಿಂದ ಹೆಂಡತಿಯ ಝಕಾತ್ ಕೊಡಬಹುದು, ಆದರೆ ಅವಳಿಗೆ ಹೇಳಿ, ಒಪ್ಪಿಗೆ ಪಡೆದು ಕೊಡಬೇಕು.

ಈಗ ತೂಕ. ಹಳೆ ಬಿಲ್ಲಿನ ಮೊತ್ತ ನೋಡಬೇಡಿ, ಅದರಲ್ಲಿ ಮಜೂರಿ, ವೇಸ್ಟೇಜ್ ಎಲ್ಲ ಸೇರಿರುತ್ತದೆ. ಪರಿಚಯದ ಅಕ್ಕಸಾಲಿಗರ ಬಳಿ ಹೋಗಿ ಹರಳು, ಮುತ್ತು, ಅರಗಿನ ಭಾರ ಬಿಟ್ಟು ನಿವ್ವಳ ಚಿನ್ನದ ತೂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. 22 ಕ್ಯಾರೆಟ್, 18 ಕ್ಯಾರೆಟ್ ಬೇರೆ ಬೇರೆ ಬರೆಸಿ. 916 ಎಂಬ ಗುರುತಿದ್ದರೆ 22 ಕ್ಯಾರೆಟ್, 750 ಇದ್ದರೆ 18. ಒಂದು ಪವನ್ ಎಂದರೆ 8 ಗ್ರಾಂ, ಒಂದು ತೊಲ 11.664 ಗ್ರಾಂ.

ಝಕಾತ್ ಶುರುವಾಗುವ ಮಿತಿಗೆ ನಿಸಾಬ್ ಎನ್ನುತ್ತಾರೆ. ಹನಫಿಗಳಲ್ಲಿ ಚಿನ್ನಕ್ಕೆ ಏಳೂವರೆ ತೊಲ, ಅಂದರೆ 87.48 ಗ್ರಾಂ. ಬೆಳ್ಳಿಗೆ ಐವತ್ತೆರಡೂವರೆ ತೊಲ, 612.36 ಗ್ರಾಂ. ಶಾಫಿಗಳಲ್ಲಿ ಸಾಮಾನ್ಯವಾಗಿ 85 ಗ್ರಾಂ ಶುದ್ಧ ಚಿನ್ನ ಎಂದು ಹಿಡಿಯುತ್ತಾರೆ. ಮಿತಿ ಮುಟ್ಟಿ ಒಂದು ಚಾಂದ್ರ ವರ್ಷ ತುಂಬಿದರೆ ನಲವತ್ತರಲ್ಲಿ ಒಂದು ಪಾಲು, ಶೇ 2.5.

ನಾನು ಎಡವಿದ್ದು ಇಲ್ಲೇ. ನನ್ನಲ್ಲಿದ್ದದ್ದು ಏಳು ಪವನ್, 56 ಗ್ರಾಂ. ಏಳೂವರೆ ತೊಲ ಆಗಲಿಲ್ಲವಲ್ಲ ಎಂದು ಆರು ವರ್ಷ ಸುಮ್ಮನಿದ್ದೆ. ಬ್ಯಾಂಕಿನಲ್ಲಿದ್ದ ಸಣ್ಣ ಉಳಿತಾಯ ನೆನಪಿಗೇ ಬರಲಿಲ್ಲ. ಹನಫಿ ಕ್ರಮದಲ್ಲಿ ಬರೀ ಚಿನ್ನವೇ ಇದ್ದರೆ ಮಾತ್ರ ಏಳೂವರೆ ತೊಲದ ಮಾತು. ಜೊತೆಗೆ ನಗದೋ ಬೆಳ್ಳಿಯೋ ಇದ್ದರೆ ಎಲ್ಲದರ ಬೆಲೆ ಕೂಡಿಸಿ, 612.36 ಗ್ರಾಂ ಬೆಳ್ಳಿಯ ಬೆಲೆಗೆ ಹೋಲಿಸಬೇಕು. ಇತ್ತೀಚಿನ ದರದಲ್ಲಿ ಅಷ್ಟು ಬೆಳ್ಳಿಯ ಬೆಲೆ ಎರಡು ಪವನ್ ಚಿನ್ನಕ್ಕಿಂತ ಕಡಿಮೆ! ಮೌಲ್ವಿಗಳು ಹೇಳಿದ ಮೇಲೆ ಆರೂ ವರ್ಷದ ಬಾಕಿ ಲೆಕ್ಕ ಹಾಕಿ ಕೊಟ್ಟೆ. ಬಡವರ ಹಕ್ಕನ್ನು ಅಷ್ಟು ದಿನ ನನ್ನ ಕಪಾಟಿನಲ್ಲಿಟ್ಟುಕೊಂಡಿದ್ದೆನಲ್ಲ ಎಂಬ ನೋವು ಇನ್ನೂ ಇದೆ. ಈ ಲೇಖನ ಬರೆಯಲು ಕಾರಣವೂ ಅದೇ.

ಒಂದೇ ಬಂಗಾರ ಎರಡು ಕಡೆ ಹೇಗೆ ಎಣಿಕೆಯಾಗುತ್ತದೆ ನೋಡಿ. 14 ಪವನ್ ಇದೆ ಎನ್ನೋಣ: 22 ಕ್ಯಾರೆಟ್ಟಿನ 112 ಗ್ರಾಂ. ಅದರಲ್ಲಿ 10 ಪವನ್ ತೊಡುವ ಬಳೆ, ಸರ, ಜುಮಕಿ. 4 ಪವನ್ ಕೂಡಿಟ್ಟ ನಾಣ್ಯ. ಶಿರಸಿಯ ಹನಫಿ ಮನೆಯಲ್ಲಿ ಪೂರ್ತಿ 112 ಗ್ರಾಂ ಲೆಕ್ಕಕ್ಕೆ ಬರುತ್ತದೆ. ನಲವತ್ತರಿಂದ ಭಾಗಿಸಿದರೆ 2.8 ಗ್ರಾಂ. ಅದನ್ನು ಆ ದಿನದ 22 ಕ್ಯಾರೆಟ್ ದರಕ್ಕೆ ಗುಣಿಸಿದರೆ ಕೊಡಬೇಕಾದ ಹಣ ಸಿಕ್ಕಿತು. ಕೊಂಡ ದಿನದ ದರ ಇಲ್ಲಿ ಬೇಡ. ಭಟ್ಕಳದ ಶಾಫಿ ಮನೆಯಲ್ಲಿ ತೊಡುವ ಒಡವೆ ಬಿಟ್ಟು ನಾಣ್ಯದ 32 ಗ್ರಾಂ ಮಾತ್ರ ಉಳಿಯುತ್ತದೆ. ಅದು 85 ಮುಟ್ಟುವುದಿಲ್ಲ. ಬೇರೆ ಉಳಿತಾಯ ಇಲ್ಲದಿದ್ದರೆ ಝಕಾತ್ ಇಲ್ಲ.

ಆದರೆ ಶಾಫಿ ರಿಯಾಯಿತಿಗೂ ಎಲ್ಲೆ ಇದೆ. ತೊಡುವ ಉದ್ದೇಶವಿಲ್ಲದೆ ಕಷ್ಟಕಾಲಕ್ಕೆಂದು ಲಾಕರಿನಲ್ಲಿ ಕೂಡಿಟ್ಟ ಒಡವೆ, ಕರಗಿಸಿ ಹೊಸದಾಗಿ ಮಾಡಿಸದೆ ತೊಡಲಾಗದಷ್ಟು ಮುರಿದದ್ದು, ವಾಡಿಕೆ ಮೀರಿ ಅತಿಯಾದದ್ದು ಲೆಕ್ಕಕ್ಕೆ ಸೇರುತ್ತವೆ. ಗಂಡಸರು ಚಿನ್ನ ತೊಡುವುದೇ ನಿಷಿದ್ಧವಾದ್ದರಿಂದ ಅವರ ಚೈನು, ಉಂಗುರವೂ ಸೇರುತ್ತವೆ. ದುಬೈಯಿಂದ ತಂದ ಚಿನ್ನದ ಬಿಸ್ಕತ್ತಿಗೆ ಎರಡೂ ಕಡೆ ವಿನಾಯಿತಿ ಇಲ್ಲ.

ಸಾಲವನ್ನು ಹನಫಿಗಳು ಕಳೆಯುತ್ತಾರೆ, ಶಾಫಿಗಳು ಕಳೆಯುವುದಿಲ್ಲ. ಅಡವಿಟ್ಟ ಬಂಗಾರದ ವಿಷಯ ಮಾತ್ರ ನಿಮ್ಮ ಜಮಾತಿನ ಮೌಲ್ವಿಗಳಲ್ಲೇ ಕೇಳಿ.

ಝಕಾತ್ ಲೆಕ್ಕದ ದಿನವನ್ನು ಹಿಜರಿ (ಚಂದ್ರನ ಲೆಕ್ಕದ ಇಸ್ಲಾಮೀ ಪಂಚಾಂಗ) ತಿಂಗಳ ತಾರೀಖಿನಲ್ಲಿ ಗೊತ್ತು ಮಾಡಿ. ರಂಜಾನೇ ಆಗಬೇಕೆಂದಿಲ್ಲ, ನಿಮ್ಮ ವರ್ಷ ತುಂಬುವುದು ಯಾವಾಗಲೋ ಆಗಲೇ. ಜನವರಿ, ಫೆಬ್ರವರಿ ಎಂದು ಎಣಿಸುವವರಿಗೆ ವರ್ಷಕ್ಕೆ ಸುಮಾರು 11 ದಿನ ಹೆಚ್ಚಾಗುವುದರಿಂದ ಶೇ 2.577 ಹಿಡಿಯಬೇಕು.

ಯಾರಿಗೆ ಕೊಡಬೇಕೆಂಬುದನ್ನು ಕುರ್‌ಆನಿನ ತೌಬಾ ಅಧ್ಯಾಯದ 60ನೇ ವಚನ ಎಂಟು ವರ್ಗಗಳಾಗಿ ಹೇಳಿದೆ. ಸ್ವಂತ ತಂದೆತಾಯಿಗೆ, ಮಕ್ಕಳಿಗೆ ಸಲ್ಲದು. ಕಷ್ಟದಲ್ಲಿರುವ ಅಕ್ಕ, ತಮ್ಮನಿಗೆ ಕೊಡಬಹುದು. ಕೈಯಲ್ಲಿ ನಗದಿಲ್ಲದ ಗೃಹಿಣಿ ಸಣ್ಣ ಓಲೆಯೊಂದನ್ನು ಮಾರಿಯೂ ಕೊಡಬಹುದು. ವರ್ಷ ತುಂಬುವ ಮೊದಲೇ ತಿಂಗಳಿಗಿಷ್ಟು ಎಂದು ಮುಂಗಡವಾಗಿ ಕೊಟ್ಟು, ಕೊನೆಗೆ ಸರಿದೂಗಿಸುವುದು ನನಗೆ ಹಗುರವೆನಿಸಿದೆ. ತೂಕದ ಚೀಟಿಯ ಮೇಲೆ ಹಿಜರಿ ತಾರೀಖು ಬರೆದು ಒಡವೆ ಡಬ್ಬಿಯಲ್ಲೇ ಇಡಿ. ಮುಂದಿನ ವರ್ಷ ಹೊಸದಾಗಿ ಬಂದದ್ದನ್ನು ಕೂಡಿಸಿ, ಮಾರಿದ್ದನ್ನು ಕಳೆದರೆ ಸಾಕು.