ಮುತ್ತುಗ ಹೂ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ?

ನಮ್ಮ ಬೀದಿಯ ಎರಡು ಕುಟುಂಬಗಳು ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ 'ಕಾಡಿನ ಹೂ ನೋಡ್ಕೊಂಡು ಬರ್ತೀವಿ' ಅಂತ ಹೊರಟವು. ಮನೆ ಬಿಟ್ಟಾಗ ಬೆಳಿಗ್ಗೆ ಹನ್ನೊಂದು. ಸಂಜೆ ಬಂದಾಗ ಮಕ್ಕಳ ಮುಖ ಬಿಸಿಲಿಗೆ ಕೆಂಪಾಗಿತ್ತು. ಆ ದಿನ ಅವರು ಕಂಡ ಕೆಂಪು ಅದೊಂದೇ. ಮುತ್ತುಗ ಅಷ್ಟು ಹೊತ್ತಿಗೆ ಹೂ ಉದುರಿಸಿ, ಚಿಗುರಿ, ಹಸಿರಾಗಿ ನಿಂತಿತ್ತು.

ಮೊದಲ ಕೆಲಸ: ವಾರ ಆರಿಸಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲೇ. ನಮ್ಮ ಒಣ ಕಾಡುಗಳಲ್ಲಿ ವಸಂತದ ಹೂ ನೆಲದ ಮೇಲೆ ಸಿಗುವುದು ಕಡಿಮೆ, ನೆಲದ ಹೂಗಳಿಗೆ ಮಳೆ ಬೇಕು. ಮರಗಳ ಬೇರು ಆಳಕ್ಕೆ ಇಳಿದಿರುತ್ತದೆ, ಹಾಗಾಗಿ ಎಲೆಯೆಲ್ಲ ಉದುರಿದ ಮೇಲೂ ಅವು ಬೋಳು ಕೊಂಬೆಯಲ್ಲೇ ಹೂ ಬಿಡುತ್ತವೆ. ಎಲೆ ಅಡ್ಡ ಇಲ್ಲದ್ದರಿಂದ ಹೂವಿನ ಬಣ್ಣ ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ, ನಿಮಗೂ ಕಾಣುತ್ತದೆ. ಆದರೆ ಒಂದು ಮರ ತುಂಬಿ ನಿಲ್ಲುವುದು ಎರಡು ಮೂರು ವಾರ ಅಷ್ಟೇ.

ಶಿವರಾತ್ರಿಯಿಂದ ಯುಗಾದಿವರೆಗೆ ಅಂತ ಒಂದು ಲೆಕ್ಕ ಇಟ್ಟುಕೊಳ್ಳಬಹುದು. ಅಧಿಕ ಮಾಸ ಬಂದರೆ ಹಬ್ಬಗಳೇ ಹಿಂದೆ ಮುಂದೆ ಆಗುತ್ತವೆ, ಮರ ಪಂಚಾಂಗ ನೋಡುವುದಿಲ್ಲ. ಅದಕ್ಕೇ ನಾನು ಫೆಬ್ರವರಿ ಶುರುವಿನಿಂದ ಊರಾಚೆಯ ಒಂದು ಮುತ್ತುಗದ ಮರದ ಮೇಲೆ ಕಣ್ಣಿಟ್ಟಿರುತ್ತೇನೆ. ಕೊಂಬೆ ತುದಿಯಲ್ಲಿ ಕಪ್ಪು ಮಖಮಲ್ಲಿನಂಥ ಮೊಗ್ಗು ಸಾಲಾಗಿ ಬಂದರೆ ಇನ್ನೂ ಸಮಯ ಇದೆ ಅಂತ ಅರ್ಥ. ಅರ್ಧ ಕಪ್ಪು, ಅರ್ಧ ಕೇಸರಿ ಕಂಡಿತೋ, ಮುಂದಿನ ಭಾನುವಾರವೇ ಹೊರಡಿ. ನೆಲದ ಮೇಲೆ ಕೊಂಬೆಗಿಂತ ಜಾಸ್ತಿ ಹೂ ಇದ್ದರೆ ತಡವಾಯಿತು, ಮುಂದಿನ ವರ್ಷ ನೋಡೋಣ.

ಮುತ್ತುಗ ತಪ್ಪಿಹೋದರೆ ಏಪ್ರಿಲ್-ಮೇನಲ್ಲಿ ಕಕ್ಕೆ ಇದೆ, ಹಳದಿ ಗೊಂಚಲು ಜೋತುಬಿದ್ದಿರುತ್ತದೆ. ಬೆಂಗಳೂರಿನ ರಸ್ತೆಯ ಗುಲಾಬಿ ಟಬೂಬಿಯಾ ತೋರಿಸಿ 'ಕಾಡಿನ ಹೂ ನೋಡಿದ್ವಿ' ಅನ್ನಬೇಡಿ. ಅದು ಅಮೆರಿಕ ಖಂಡದಿಂದ ಬಂದ ಮರ. ಕಾಡಿನ ಅಂಚಲ್ಲಿ ಎಲ್ಲರೂ ಫೋಟೊ ತೆಗೆಯುವ ಲಂಟಾನವೂ ಅಲ್ಲಿಂದಲೇ ಬಂದದ್ದು, ಕಾಡನ್ನೇ ನುಂಗುತ್ತಿದೆ.

ಜಾಗ

ಮಕ್ಕಳಿದ್ದರೆ ಕಾಲಿಟ್ಟು ನಡೆಯಲು ಬಿಡುವ ಜಾಗಕ್ಕೇ ಹೋಗಿ. ಗುಂಡ್ಲುಪೇಟೆ ದಾಟಿ ಬಂಡೀಪುರದ ರಸ್ತೆಯಲ್ಲಿ ಮುತ್ತುಗ, ಬೂರುಗ ಚೆನ್ನಾಗಿ ಕಾಣುತ್ತವೆ, ಆದರೆ ಅದು ಹುಲಿ ಕಾಡು. ಕಾರು ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಮಗುವನ್ನು ಹೂವಿನ ಮರದ ಕೆಳಗೆ ನಿಲ್ಲಿಸಿ ಸೆಲ್ಫಿ ತೆಗೆಯುವವರನ್ನು ಅಲ್ಲೂ ನೋಡಿದ್ದೇನೆ. ಏನು ಹೇಳುವುದು?

ಬೆಂಗಳೂರಿನವರಿಗೆ ಮಾಗಡಿ ಹತ್ತಿರದ ಸಾವನದುರ್ಗ ಸಾಕು. ಬಂಡೆ ಹತ್ತಬೇಡಿ, ಬುಡದ ದಾರಿಯಲ್ಲೇ ನಡೆಯಿರಿ. ಇಂಥ ಕಲ್ಲು ಬೆಟ್ಟಗಳಲ್ಲಿ ಅರಿಶಿನ ಬೂರುಗವನ್ನೂ ಹುಡುಕಿ. ಬೋಳು ಕೊಂಬೆಯ ತುದಿಯಲ್ಲಿ ಅಂಗೈಯಗಲದ ಹಳದಿ ಹೂ. ತುಮಕೂರಿನವರಿಗೆ ದೇವರಾಯನದುರ್ಗ, ಹಾಗೇ ನಾಮದ ಚಿಲುಮೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು, ನಂದಿವರೆಗೆ ಹತ್ತಿದರೂ ಸಾಕು. ಉತ್ತರ ಕರ್ನಾಟಕದಲ್ಲಿ ಯಾರನ್ನಾದರೂ ಕೇಳುವಾಗ 'ಮುತ್ತಲ' ಅನ್ನಿ. ಕುಮಾರಪರ್ವತದಂಥ ಚಾರಣದ ದಾರಿಗಳನ್ನು ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ, ಮೊದಲೇ ವಿಚಾರಿಸಿ.

ಮಲೆನಾಡಿನವರಿಗೆ ಇದೇ ಹೊತ್ತಿಗೆ ಸುರಗಿ. ಅದನ್ನು ಕಣ್ಣಿಗಿಂತ ಮೂಗಿನಿಂದ ಹುಡುಕುವುದು ಸುಲಭ, ಒಣಗಿದ ಮೇಲೂ ಘಮ ಬಿಡದ ಹೂ ಅದು. ಆದರೆ ಮಂಗನ ಕಾಯಿಲೆಯ ಕಾಲವೂ ಇದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗು ಕಚ್ಚಿ ಬರುತ್ತದೆ. ಸುತ್ತಮುತ್ತ ಯಾರಿಗಾದರೂ ಬಂದಿದೆ ಅಂತ ಕೇಳಿದರೆ ಮಕ್ಕಳನ್ನು ಕಾಡಿಗೆ ಒಯ್ಯಲೇಬೇಡಿ, ಅಂಗಳದ ಸುರಗಿಯೇ ಸಾಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹೊರಡುವುದು

ಬೆಳಿಗ್ಗೆ ಆರೂವರೆಗೆ ಅಲ್ಲಿರಿ, ಒಂಬತ್ತಕ್ಕೆ ವಾಪಸ್. ತುಂಬು ತೋಳಿನ ಅಂಗಿ, ಶೂ, ನೀರು, ಚಿತ್ರಾನ್ನ. ಮಕ್ಕಳ ಕೈಗೆ ಕಟ್ಟುವ ಬಣ್ಣಬಣ್ಣದ ಸೊಳ್ಳೆ ಪಟ್ಟಿಗೆ ದುಡ್ಡು ಹಾಕಬೇಡಿ, ನಾವು ಎರಡು ತಂದು ಎರಡನ್ನೂ ಎಸೆದೆವು. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ.

ಒಂದು ಎಚ್ಚರಿಕೆ. ಈ ಕಾಲಕ್ಕೆ ನಸುಗುನ್ನಿ ಕಾಯಿ ಒಣಗಿ ಬಳ್ಳಿಯಲ್ಲಿ ನೇತಾಡುತ್ತಿರುತ್ತದೆ, ಕಂದು ಬಣ್ಣ, ನೋಡೋಕೆ ಮುದ್ದಾದ ರೋಮ. ನನ್ನ ಮಗಳು ಬೆಕ್ಕಿನ ಬಾಲ ಅಂದುಕೊಂಡು ಸವರಿ ಎರಡು ಗಂಟೆ ಕುಣಿದಳು. ಉಜ್ಜಬಾರದು, ಕೆರೆಯಬಾರದು. ಅಂಟು ಟೇಪು ಹಚ್ಚಿ ಕಿತ್ತು ರೋಮ ತೆಗೆದು, ಆಮೇಲೆ ತೊಳೆಯಿರಿ. ಅವತ್ತಿಂದ ನನ್ನ ಚೀಲದಲ್ಲಿ ಟೇಪು ಇದ್ದೇ ಇರುತ್ತದೆ.

ನೋಡುವುದು

ಮರದಿಂದ ಮರಕ್ಕೆ ಓಡಬೇಡಿ. ಒಂದೇ ಮರದ ಕೆಳಗೆ ಇಪ್ಪತ್ತು ನಿಮಿಷ ಕೂತುಬಿಡಿ. ಮೊದಲು ನೆಲ ನೋಡಿ. ಬಿದ್ದ ಹೂವನ್ನು ಮಕ್ಕಳ ಕೈಗೆ ಕೊಟ್ಟು 'ಇದು ಯಾವ ಹಕ್ಕಿ ಥರ ಇದೆ' ಅಂತ ಕೇಳಿ. ಗಿಳಿಯ ಕೊಕ್ಕು ಅಂತ ತಾವೇ ಹೇಳುತ್ತಾರೆ. ಸಂಸ್ಕೃತದವರೂ ಹಾಗೇ ಕಂಡು 'ಕಿಂಶುಕ' ಎಂದರು, 'ಇದೇನು ಗಿಳಿಯೋ' ಅಂತ. ಮೂಸಿ ನೋಡಲಿ, ವಾಸನೆ ಇರುವುದಿಲ್ಲ. ಹಕ್ಕಿಗೆ ವಾಸನೆ ಯಾಕೆ ಬೇಕು, ಬಣ್ಣ ಮತ್ತು ಮಕರಂದ ಸಾಕಲ್ವಾ? ಆಮೇಲೆ ತಲೆ ಎತ್ತಿದರೆ ಗೊರವಂಕ, ಸೂರಕ್ಕಿ, ಪಿಕಳಾರ, ಅಳಿಲು ಎಲ್ಲ ಮೇಲೇ ಇರುತ್ತವೆ. ಬೂರುಗದ ಕೆಳಗಾದರೆ ಹೂ 'ದೊಪ್' ಅಂತ ಬೀಳುವ ಸದ್ದಿಗೆ ಮಕ್ಕಳು ಕಾಯುತ್ತಾ ಕೂರುತ್ತಾರೆ, ನೀವು ಏನೂ ವಿವರಿಸಬೇಕಿಲ್ಲ. ಗಿಡ ಗುರುತಿಸುವ ಆ್ಯಪ್ ಕೆಳಗಿನಿಂದ ತೆಗೆದ ಫೋಟೊಗೆ ಬಾಯಿಗೆ ಬಂದ ಹೆಸರು ಹೇಳುತ್ತದೆ. ಕುರಿ ಮೇಯಿಸುವ ಅಜ್ಜನನ್ನು ಕೇಳಿ.

ಕಾಡಿನೊಳಗಿಂದ ಏನನ್ನೂ ತರಬೇಡಿ. ವಾಪಸ್ ಬರುವಾಗ ಹಳ್ಳಿ ದಾರಿಯ ಮರದಡಿ ಬಿದ್ದಿರುವ ಹೂ ಒಂದು ಚೀಲ ಆರಿಸಿಕೊಂಡರೆ ಸಾಕು. ರಾತ್ರಿ ಬಿಸಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆಗೆ ನೀರು ಕೇಸರಿ. ಹೋಳಿ ಹಬ್ಬಕ್ಕೆ ಅದನ್ನೇ ಎರಚಬಹುದು. ನಮ್ಮ ಮನೆಯಲ್ಲಿ ಅಪ್ಪನ ಹಳೇ ಬನಿಯನ್ ಅದ್ದಿದ್ದೆವು, ಅವರು ಈಗಲೂ ಅದನ್ನೇ ಹಾಕಿಕೊಂಡು ಪೇಪರ್ ಓದುತ್ತಾರೆ.